ಸಿನಿಮಾ ನಿಮ್ಮದು, ಹಕ್ಕು ಯಾರದು?

‘ಪಥೇರ್ ಪಾಂಚಾಲಿ’ ಯಾರ ಸಿನಿಮಾ ಎಂದರೆ ಅದನ್ನು ನೋಡದವರೂ ಸತ್ಯಜಿತ್ ರಾಯ್ ಎನ್ನುತ್ತಾರೆ. ಕಾನೂನನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಜಾಹೀರಾತು ಕಂಪನಿಯ ನೌಕರಿ ಬಿಡದೆ, ವಿಮಾ ಪಾಲಿಸಿಯ ಮೇಲೆ ಸಾಲ ಎತ್ತಿ, ಹೆಂಡತಿಯ ಒಡವೆ ಗಿರವಿ ಇಟ್ಟು ರಾಯ್ ಶುರು ಮಾಡಿದ ಆ ಚಿತ್ರ ದುಡ್ಡಿಲ್ಲದೆ ನಿಂತಾಗ ಕೈಹಿಡಿದದ್ದು ಪಶ್ಚಿಮ ಬಂಗಾಳ ಸರ್ಕಾರ. 1955ರಲ್ಲಿ ಚಿತ್ರ ತೆರೆಕಂಡಿತು, ಮರುವರ್ಷ ಕಾನ್‌ನಲ್ಲಿ ಪ್ರಶಸ್ತಿ ಗೆದ್ದಿತು, ಹೊರದೇಶಗಳಲ್ಲೂ ಓಡಿತು. ನಿರ್ಮಾಪಕನ ಜಾಗದಲ್ಲಿ ಸರ್ಕಾರ ಇದ್ದದ್ದರಿಂದ ಗಳಿಕೆ ಖಜಾನೆಗೆ ಹೋಯಿತು. ಹೆಸರು ಮಾತ್ರ ರಾಯ್ ಪಾಲಿಗೆ ಉಳಿಯಿತು.

ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ದೇಶಕನಲ್ಲ, ನಿರ್ಮಾಪಕ. ಚಿತ್ರ ಪ್ರಕಟವಾದ ಮೇಲೆ ಅರವತ್ತು ವರ್ಷ ಅದರ ಹಕ್ಕು ಅವನದು. ಆದರೆ ಚಿತ್ರಕಥೆಯ ಲೆಕ್ಕ ಬೇರೆ. ರಾಯ್ ಅವರದೇ ‘ನಾಯಕ್’ (1966) ಚಿತ್ರವನ್ನು ಕಾದಂಬರಿಯಾಗಿ ಬರೆಸಿ ಪ್ರಕಟಿಸಿದಾಗ, ನಿರ್ಮಾಪಕರ ಕುಟುಂಬ ಹಕ್ಕು ತನ್ನದೆಂದು ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. 2023ರಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಸಿನಿಮಾ ನಿರ್ಮಾಪಕರದ್ದಿರಬಹುದು, ಅದರ ಚಿತ್ರಕಥೆ ಬರೆದವರು ರಾಯ್, ಹಾಗಾಗಿ ಅದರ ಹಕ್ಕು ಅವರದು, ಅವರ ನಂತರ ಅವರ ವಾರಸುದಾರರದು ಎಂದಿತು.

ಸ್ವತಂತ್ರ ನಿರ್ದೇಶಕರಾಗಬೇಕೆಂದು ಹೊರಡುವ ಹುಡುಗ ಹುಡುಗಿಯರು ಲೆನ್ಸ್ ಬಗ್ಗೆ, ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಈ ಎರಡು ಪ್ಯಾರಾದ ವಿಷಯ ಮಾತ್ರ ಎಷ್ಟೋ ಜನರಿಗೆ ಎರಡನೇ ಸಿನಿಮಾದ ಹೊತ್ತಿಗೆ, ಅದೂ ಕೈಸುಟ್ಟುಕೊಂಡ ಮೇಲೆ ತಿಳಿಯುತ್ತದೆ. ಮೇಲೆ ಯಜಮಾನನಿಲ್ಲದ ಈ ಕಸುಬಿನಲ್ಲಿ ನಿರ್ದೇಶಕನೇ ಅರ್ಧ ನಿರ್ಮಾಪಕ. ಹಾಗಾಗಿ ಈ ಲೇಖನದಲ್ಲಿ ಕ್ಯಾಮೆರಾಕ್ಕಿಂತ ಕಾಗದದ ಮಾತೇ ಹೆಚ್ಚು.

ಮೊದಲ ದುಡ್ಡು

ಕನ್ನಡದಲ್ಲಿ ಈ ಮಾತು ಬಂದಾಗಲೆಲ್ಲ ‘ಲೂಸಿಯಾ’ ನೆನಪಾಗುತ್ತದೆ. ಯೋಗರಾಜ ಭಟ್ಟರ ಬಳಿ ಬರೆದು ಪಳಗಿ, ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದ ಪವನ್ ಕುಮಾರ್‌ಗೆ ಎರಡನೇ ಕಥೆಗೆ ನಿರ್ಮಾಪಕರು ಸಿಗಲಿಲ್ಲ. ತಮ್ಮ ಬ್ಲಾಗಿನಲ್ಲಿ ಹತಾಶೆ ತೋಡಿಕೊಂಡರು. ಓದಿದವರೇ ದುಡ್ಡು ಹಾಕಲು ಮುಂದೆ ಬಂದರು. ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದು ಚಿತ್ರ ಬೆಂಗಳೂರಿಗೆ ಬಂತು. ಹತ್ತು ವರ್ಷದ ನಂತರ, 2023ರಲ್ಲಿ ಶಶಾಂಕ್ ಸೋಗಾಲ್ ಇನ್ನೊಂದು ದಾರಿ ತುಳಿದರು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ‘ಡೇರ್‌ಡೆವಿಲ್ ಮುಸ್ತಾಫಾ’ ಮಾಡಲು ತೇಜಸ್ವಿಯವರ ನೂರು ಮಂದಿ ಅಭಿಮಾನಿಗಳನ್ನೇ ನಿರ್ಮಾಪಕರನ್ನಾಗಿ ಮಾಡಿದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಜನ ದುಡ್ಡು ಹಾಕಿದ್ದು ಬರಿಯ ಕಥೆಗಲ್ಲ. ಪವನ್ ಬರಹವನ್ನು ಅವರು ಮೊದಲೇ ಓದುತ್ತಿದ್ದರು, ತೇಜಸ್ವಿಯಂತೂ ಅವರ ಮನೆಯ ಕಪಾಟಿನಲ್ಲೇ ಇದ್ದರು. ಸಂಬಂಧ ಮೊದಲು, ಮನವಿ ಆಮೇಲೆ. ಯಾರಿಗೂ ಗೊತ್ತಿಲ್ಲದ ಹೆಸರೊಂದು ದಿಢೀರನೆ ಕ್ಯೂಆರ್ ಕೋಡ್ ಹಿಡಿದು ನಿಂತರೆ ಬಂಧುಬಳಗದ ಆಚೆಗೆ ದುಡ್ಡು ಹುಟ್ಟುವುದು ಕಷ್ಟ.

ಇಲ್ಲಿ ಕಾನೂನಿನ ಮುಳ್ಳೂ ಇದೆ. ಟೀಶರ್ಟ್, ಟಿಕೆಟ್, ತೆರೆಯ ಮೇಲೆ ಹೆಸರು ಕೊಡುತ್ತೇವೆಂದು ದುಡ್ಡು ಪಡೆದರೆ ಅದು ಒಂದು ಬಗೆ. ‘ಲಾಭದಲ್ಲಿ ಪಾಲು’ ಎಂದು ಊರಿಗೆಲ್ಲ ಕರೆ ಕೊಟ್ಟರೆ ಅದು ಬಂಡವಾಳ ಸಂಗ್ರಹದ ಕಾನೂನಿನ ಕಣ್ಣಿಗೆ ಬೀಳುತ್ತದೆ. ಖಾಸಗಿ ಕಂಪನಿ ತೆರೆದು ಷೇರು ಕೊಡುವುದಾದರೂ, 2013ರ ಕಂಪನಿ ಕಾಯ್ದೆಯಡಿ ಒಂದು ಹಣಕಾಸು ವರ್ಷದಲ್ಲಿ 200ಕ್ಕಿಂತ ಹೆಚ್ಚು ಮಂದಿಗೆ ಹಾಗೆ ಆಹ್ವಾನ ಕೊಡುವಂತಿಲ್ಲ. ಮೊದಲ ರೂಪಾಯಿ ಖಾತೆಗೆ ಬೀಳುವ ಮುಂಚೆ ಲೆಕ್ಕಪರಿಶೋಧಕರ ಬಳಿ ಒಂದು ಗಂಟೆ ಕೂತು ಬರುವುದು ಒಳ್ಳೆಯದು. ಅವರ ಫೀಸು ಕ್ಯಾಮೆರಾ ಬಾಡಿಗೆಗಿಂತ ಕಡಿಮೆಯೇ.

ಇನ್ನೊಂದು ದಾರಿ ಅನುದಾನಗಳದ್ದು. ರಾಟರ್‌ಡ್ಯಾಂ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ನಿಧಿ 1988ರಿಂದ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಕಥಾಚಿತ್ರಗಳಿಗೆ ನೆರವಾಗುತ್ತಿದೆ. ಚೈತನ್ಯ ತಮ್ಹಾಣೆಯ ‘ಕೋರ್ಟ್’, ಪಾಯಲ್ ಕಪಾಡಿಯಾರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ಎರಡಕ್ಕೂ ಅಲ್ಲಿಂದ ಹಣ ಬಂದಿತ್ತು. ಸಾಕ್ಷ್ಯಚಿತ್ರಕ್ಕೆ ಆಮ್ಸ್ಟರ್‌ಡ್ಯಾಮಿನ ಇಡ್ಫಾ ಬರ್ಥಾ ನಿಧಿಯೂ ಸನ್‌ಡಾನ್ಸ್‌ನ ಸಾಕ್ಷ್ಯಚಿತ್ರ ನಿಧಿಯೂ ಇವೆ. ಕೋಲ್ಕತ್ತದ ಡಾಕ್‌ಎಡ್ಜ್ ವೇದಿಕೆಯಲ್ಲಿ ಹೊರದೇಶದ ಖರೀದಿದಾರರ ಮುಂದೆ ನಿಂತು ಚಿತ್ರದ ಪ್ರಸ್ತಾಪ ಒಪ್ಪಿಸಬಹುದು. ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಕಲೆಗೆ ಸಂಬಂಧಿಸಿದ ಸಂಶೋಧನೆ, ಪ್ರಯೋಗಗಳಿಗೆ ಅದು ಕನ್ನಡದ ಅರ್ಜಿಯನ್ನೂ ನೋಡುತ್ತದೆ. ಗೋವಾದಲ್ಲಿ ಪ್ರತಿವರ್ಷ ನವೆಂಬರ್ ಹೊತ್ತಿಗೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಫಿಲ್ಮ್ ಬಜಾರ್ ನಡೆಯುತ್ತದೆ. 2007ರಲ್ಲಿ ಶುರುವಾದ ಈ ಸಂತೆಯಲ್ಲಿ ಚಿತ್ರಕಥೆಯ ಹಂತಕ್ಕೂ ಅರ್ಧ ಸಂಕಲನವಾದ ಚಿತ್ರಕ್ಕೂ ಬೇರೆ ಬೇರೆ ಕಾರ್ಯಾಗಾರಗಳಿವೆ. ‘ದಿ ಲಂಚ್‌ಬಾಕ್ಸ್’ ಹಾದುಬಂದದ್ದು ಇದೇ ಬಾಗಿಲಿನಿಂದ.

ಅನುದಾನದ ಅರ್ಜಿಗೆ ಬೇಕಾದ ಸರಕು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಒಂದು ಪುಟದ ಸಾರಾಂಶ, ಚಿತ್ರ ತೆರೆಯ ಮೇಲೆ ಹೇಗೆ ಕಾಣುತ್ತದೆಂಬ ವಿವರ, ನಿರ್ದೇಶಕರ ಟಿಪ್ಪಣಿ, ಬಜೆಟ್, ಹಣ ಎಲ್ಲೆಲ್ಲಿಂದ ಬರುತ್ತದೆಂಬ ಪಟ್ಟಿ, ಕೆಲವು ನಿಮಿಷಗಳ ದೃಶ್ಯ. ಹೆಚ್ಚಿನವರು ಸೋಲುವುದು ನಿರ್ದೇಶಕರ ಟಿಪ್ಪಣಿಯಲ್ಲಿ. ‘ಬಾಲ್ಯದಿಂದಲೂ ನನಗೆ ಸಿನಿಮಾ ಹುಚ್ಚು’ ಎಂದು ಶುರುವಾದ ಟಿಪ್ಪಣಿಯನ್ನು ಆಯ್ಕೆ ಸಮಿತಿ ಮುಂದಕ್ಕೆ ಓದುವುದೇ ಅನುಮಾನ. ಈ ಊರಿಗೆ, ಈ ಜನಕ್ಕೆ, ಈ ಸಂಗತಿಗೆ ನಿಮಗೇ ಸಿಗುವ ಪ್ರವೇಶ ಯಾವುದು, ಅದು ಬೇರೆಯವರಿಗೆ ಏಕೆ ಸಿಗದು ಎಂಬುದನ್ನು ಅವರು ಹುಡುಕುತ್ತಾರೆ. ‘ತಿಥಿ’ಯ ಬಲವೂ ಇದೇ. ಮಂಡ್ಯ ಸೀಮೆಯ ನೊದೆಕೊಪ್ಪಲು ಚಿತ್ರಕಥೆಗಾರ ಈರೇಗೌಡರ ಊರು. ಗಡ್ಡಪ್ಪ, ಸೆಂಚುರಿ ಗೌಡರ ಪಾತ್ರಗಳಲ್ಲಿ ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಅಲ್ಲಿನ ಜನರೇ ನಿಂತರು. ರಾಮ್ ರೆಡ್ಡಿಯ ಆ ಮೊದಲ ಚಿತ್ರ 2015ರಲ್ಲಿ ಲೊಕಾರ್ನೊದಿಂದ ಎರಡು ಪ್ರಶಸ್ತಿ ಹೊತ್ತು ತಂದಿತು.

ರಾಜ್ಯ ಸರ್ಕಾರದ ಸಹಾಯಧನವನ್ನು ಬಂಡವಾಳದ ಲೆಕ್ಕಕ್ಕೆ ಸೇರಿಸಬೇಡಿ. ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಆರಿಸಿದ ಮೇಲೆ ಬರುವ ದುಡ್ಡು ಅದು. ಅದನ್ನೇ ನಂಬಿ ಬಡ್ಡಿಗೆ ಸಾಲ ತಂದರೆ, ಸಹಾಯಧನ ಕೈಸೇರುವ ಹೊತ್ತಿಗೆ ಬಡ್ಡಿಯೇ ಅದನ್ನು ನುಂಗಿರುತ್ತದೆ.

ಚಹಾದಂಗಡಿಯ ರೇಡಿಯೊ

ಸಾಕ್ಷ್ಯಚಿತ್ರಕಾರ ಹಳ್ಳಿಯೊಂದರ ಚಹಾದಂಗಡಿಯಲ್ಲಿ ಹಿರಿಯರೊಬ್ಬರನ್ನು ಮಾತಾಡಿಸುತ್ತಿದ್ದಾರೆ ಎಂದುಕೊಳ್ಳಿ. ಬೆಳಕು ಚೆನ್ನಾಗಿದೆ, ಮಾತು ಹದಕ್ಕೆ ಬಂದಿದೆ. ಹಿಂದೆ ರೇಡಿಯೊದಲ್ಲಿ ಹಳೆಯ ಸಿನಿಮಾ ಹಾಡು. ಕಿವಿಗೆ ಹಿತ, ವಾತಾವರಣಕ್ಕೂ ಒಪ್ಪುತ್ತದೆ. ಆರು ತಿಂಗಳ ನಂತರ ಸಂಕಲನದ ಮೇಜಿನಲ್ಲಿ ಆ ಹಾಡೇ ಕೊರಳಿಗೆ ಸುತ್ತಿಕೊಳ್ಳುತ್ತದೆ. ಆ ಧ್ವನಿಮುದ್ರಣದ ಹಕ್ಕು ಒಂದು ಆಡಿಯೊ ಕಂಪನಿಯದು. ವಾಹಿನಿಗೋ ಓಟಿಟಿಗೋ ಚಿತ್ರ ಮಾರುವಾಗ ಅನುಮತಿ ಪತ್ರ ಕೇಳುತ್ತಾರೆ. ಮಾತಿನ ಅಡಿಯಲ್ಲಿ ಬೆರೆತ ಹಾಡನ್ನು ಬೇರ್ಪಡಿಸುವುದು ಸುಲಭವಲ್ಲ, ಮಾತನ್ನು ಅಲ್ಲಲ್ಲಿ ಕತ್ತರಿಸಿದರೆ ಹಾಡೂ ತುಂಡುತುಂಡಾಗಿ ಕೇಳುತ್ತದೆ. ಅನುಭವಿ ಶಬ್ದಗ್ರಾಹಕರು ಅಂಗಡಿಗೆ ಕಾಲಿಟ್ಟೊಡನೆ ಮಾಡುವ ಕೆಲಸ ಎರಡು: ರೇಡಿಯೊ ಆರಿಸಲು ಹೇಳುವುದು, ಗುಂಯ್‌ಗುಡುವ ಫ್ರಿಜ್ಜಿನ ಪ್ಲಗ್ ಕೀಳುವುದು. ಹೊರಡುವಾಗ ಪ್ಲಗ್ ಮತ್ತೆ ಹಾಕಲು ಮರೆಯದಿರಲೆಂದು ಗಾಡಿಯ ಕೀಲಿಯನ್ನು ಆ ಫ್ರಿಜ್ಜಿನೊಳಗೇ ಇಡುವವರಿದ್ದಾರೆ. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಜಾಗದ ಬರಿಯ ಸದ್ದನ್ನು ಹಿಡಿದುಕೊಳ್ಳುತ್ತಾರೆ. ಸಂಕಲನದಲ್ಲಿ ಮಾತಿನ ತುಂಡುಗಳ ನಡುವಿನ ಬಿರುಕು ಮುಚ್ಚುವುದು ಅದೇ.

ಮಾತಾಡಿದವರ ಒಪ್ಪಿಗೆಯನ್ನು ಅಲ್ಲೇ ಪಡೆಯಬೇಕು. ಓದುಬರಹ ಬಾರದವರ ಮುಂದೆ ಇಂಗ್ಲಿಷಿನ ಮೂರು ಪುಟ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಅವರಾಡುವ ಕನ್ನಡದಲ್ಲಿ ಕೇಳಬಹುದು: ‘ಅಜ್ಜಾ, ನಿಮ್ಮ ಹೆಸರು, ಊರು ಹೇಳಿ. ಈಗ ನೀವಾಡಿದ್ದನ್ನ ಟಿವಿಯಲ್ಲಿ, ಮೊಬೈಲಲ್ಲಿ, ಹೊರದೇಶದಲ್ಲೂ ತೋರಿಸ್ತೀವಿ. ಪರವಾಗಿಲ್ವಾ?’ ಜೊತೆಗೆ ಒಂದು ಪುಟದ ಕನ್ನಡ ಪತ್ರ. ಅದರ ಒಂದು ಪ್ರತಿ ಅವರಿಗೆ.

ಕಾಗದ ಇದ್ದರೂ ಮುನಿಸು ಬರಬಹುದು. ದಲಿತ ಹೆಣ್ಣುಮಕ್ಕಳು ನಡೆಸುವ ‘ಖಬರ್ ಲಹರಿಯಾ’ ಪತ್ರಿಕೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ ರಿಂಟು ಥಾಮಸ್, ಸುಶ್ಮಿತ್ ಘೋಷ್ ‘ರೈಟಿಂಗ್ ವಿತ್ ಫೈರ್’ ಮಾಡಿದರು. ಚಿತ್ರವೂ ಸ್ಪರ್ಧೆಯಲ್ಲಿದ್ದ 2022ರ ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಇರುವಾಗ ಆ ಪತ್ರಿಕೆಯೇ, ಚಿತ್ರ ತಮ್ಮ ಕೆಲಸವನ್ನು ಪೂರ್ತಿಯಾಗಿ ತೋರಿಸಿಲ್ಲ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟಿತು. ಯಾರ ಕಡೆ ನ್ಯಾಯ ಎಂಬ ಚರ್ಚೆ ಇಲ್ಲಿ ಬೇಡ. ಅಂತಿಮ ಸಂಕಲನವನ್ನು ಅದರಲ್ಲಿರುವವರಿಗೆ ಯಾವಾಗ, ಯಾವ ಮಾತಿನ ಮೇಲೆ ತೋರಿಸುತ್ತೇವೆ ಎಂಬುದನ್ನು ಚಿತ್ರೀಕರಣದ ಮೊದಲ ವಾರದಲ್ಲೇ ಹೇಳಿಬಿಡುವುದು ವಾಸಿ.

ಈ ವಿಷಯದಲ್ಲಿ ಬೆಂಗಳೂರಿನ ಯುಗಾಂತರ್ ತಂಡದ ಉದಾಹರಣೆ ಇವತ್ತಿಗೂ ಹಳತಾಗಿಲ್ಲ. ದೀಪಾ ಧನರಾಜ್, ಆಭಾ ಭಯ್ಯಾ, ನವ್ರೋಜ್ ಕಂಟ್ರಾಕ್ಟರ್, ಮೀರಾ ರಾವ್ 1980ರಲ್ಲಿ ಕಟ್ಟಿದ ತಂಡ ಅದು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘ ಕಟ್ಟಿ ಎದ್ದುನಿಂತದ್ದನ್ನು ಅವರು 1982ರ ‘ತಂಬಾಕು ಚಾಕಿಲ ಊಬ್ ಅಲಿ’ಯಲ್ಲಿ ಹಿಡಿದರು. ಏನು ತೋರಿಸಬೇಕು, ಹೇಗೆ ಹೇಳಬೇಕು ಎಂಬುದು ಆ ಹೆಣ್ಣುಮಕ್ಕಳ ಜೊತೆ ಕೂತು ಮಾತಾಡಿ ತೀರ್ಮಾನವಾಗುತ್ತಿತ್ತು. ಚಿತ್ರದ ಓಡಾಟವೂ ಸಂಘಗಳ ಸಭೆಗಳಲ್ಲಿ, ಬಸ್ತಿಗಳಲ್ಲಿ.

ಸೆನ್ಸಾರ್ ಮತ್ತು ಉತ್ಸವ

ಸಾಕ್ಷ್ಯಚಿತ್ರಕ್ಕೆ ಸೆನ್ಸಾರ್ ಬೇಡ ಎಂಬ ತಪ್ಪುಕಲ್ಪನೆ ಇನ್ನೂ ಇದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ ಕಥಾಚಿತ್ರವೂ ಒಂದೇ, ಸಾಕ್ಷ್ಯಚಿತ್ರವೂ ಒಂದೇ. ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳಿಗೆ ವಿನಾಯಿತಿ ಸಿಗುತ್ತದೆ, ಓಟಿಟಿಗೆ 2021ರ ಐಟಿ ನಿಯಮಗಳ ಸ್ವಯಂ ವರ್ಗೀಕರಣ ಸಾಕು. 2023ರ ತಿದ್ದುಪಡಿಯ ನಂತರ ಯುಎ ಪ್ರಮಾಣಪತ್ರದಲ್ಲಿ 7, 13, 16 ವರ್ಷಗಳ ಮೂರು ಮೆಟ್ಟಿಲು ಬಂದಿವೆ. ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲೇ ರದ್ದು ಮಾಡಿದ್ದರಿಂದ, ಸೆನ್ಸಾರ್ ಮಂಡಳಿಯ ಕತ್ತರಿ ಒಪ್ಪದವರಿಗೆ ಉಳಿದಿರುವುದು ಹೈಕೋರ್ಟು. ಅಂದರೆ ವಕೀಲರ ಖರ್ಚು. ದೊಡ್ಡ ಬ್ಯಾನರಿಗೆ ಇದು ಕಿರಿಕಿರಿಯಷ್ಟೆ, ಸಾಕ್ಷ್ಯಚಿತ್ರಕಾರನಿಗೆ ಅದೇ ಇಡೀ ಬಜೆಟ್. ಸಿನಿಮಾದಲ್ಲಿ ನಾಯಿ, ಎತ್ತು, ಕೋಳಿ ಏನೇ ನಟಿಸಿದರೂ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕೆಂಬುದೂ ನೆನಪಿರಲಿ. ಊರ ಜಾತ್ರೆ ಚಿತ್ರೀಕರಿಸಿ ಬಂದವರು ಇಲ್ಲಿ ಎಡವುತ್ತಾರೆ.

ಕೋರ್ಟಿನ ದಾರಿ ಎಷ್ಟು ಉದ್ದ ಎಂಬುದಕ್ಕೆ ಆನಂದ್ ಪಟವರ್ಧನ್ ಸಾಕ್ಷಿ. 1995ರ ಅವರ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಚಿತ್ರವನ್ನು ದೂರದರ್ಶನ ಪ್ರಸಾರ ಮಾಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ‘ಜೈ ಭೀಮ್ ಕಾಮ್ರೇಡ್’ (2011) ಚಿತ್ರಕ್ಕೆ ಅವರು ಹದಿನಾಲ್ಕು ವರ್ಷ ಕ್ಯಾಮೆರಾ ಹೊತ್ತು ತಿರುಗಿದರು. ಇಷ್ಟು ತಾಳ್ಮೆ ಎಲ್ಲರಿಗೂ ಇರಬೇಕೆಂದು ಹೇಳುವುದು ಕ್ರೌರ್ಯವಾದೀತು. ಅವರಿಗದು ಸಾಧ್ಯವಾದದ್ದಕ್ಕೆ ಒಂದು ಕಾರಣ, ಚಿತ್ರಗಳು ಅವರ ಸ್ವಂತದ್ದಾಗಿದ್ದವು.

ಉತ್ಸವಕ್ಕೆ ಹೋಗುವ ಆಸೆ ಇದ್ದರೆ ಮೊದಲ ಪ್ರದರ್ಶನವನ್ನು ಜೋಪಾನ ಮಾಡಬೇಕು. ದೊಡ್ಡ ಉತ್ಸವಗಳು ಬೇರೆಲ್ಲೂ ತೋರಿಸದ ಚಿತ್ರಗಳನ್ನೇ ಕೇಳುತ್ತವೆ. ಯೂಟ್ಯೂಬಿಗೆ ಏರಿಸಿ ‘ಹೇಗಿದೆ ಹೇಳಿ’ ಎಂದು ಬಂಧುಗಳಿಗೆ ಕೊಂಡಿ ಕಳಿಸಿದ ದಿನವೇ ಹಲವು ಬಾಗಿಲು ಮುಚ್ಚುತ್ತವೆ. ಪ್ರವೇಶ ಶುಲ್ಕ ಡಾಲರ್ ಲೆಕ್ಕದಲ್ಲಿರುತ್ತದೆ. ಸಿಕ್ಕಸಿಕ್ಕ ಕಡೆ ಅರ್ಜಿ ಹಾಕುತ್ತಾ ಹೋದರೆ ಸಂಗೀತಕ್ಕೆಂದು ಇಟ್ಟ ದುಡ್ಡು ಅಲ್ಲೇ ಕರಗುತ್ತದೆ. ದುಡ್ಡು ಕಟ್ಟಿದವರಿಗೆಲ್ಲ ಪ್ರಶಸ್ತಿಪತ್ರ ಕಳಿಸುವ ಹೆಸರಿಲ್ಲದ ‘ಅಂತರರಾಷ್ಟ್ರೀಯ’ ಉತ್ಸವಗಳ ಸುಗ್ಗಿ ಈಗ. ಪೋಸ್ಟರಿನ ತುಂಬ ಎಲೆಮಾಲೆ ಇದ್ದರೂ ಖರೀದಿದಾರರು ನೋಡುವುದು ಎರಡು ಮೂರು ಹೆಸರನ್ನೇ.

ಆ ಹೆಸರುಗಳ ಸಾಲಿಗೆ ಕನ್ನಡದವರು ಈಚೆಗೆ ಚೆನ್ನಾಗಿಯೇ ನುಗ್ಗಿದ್ದಾರೆ. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ತಂದೆಯನ್ನೇ ಮುಖ್ಯಪಾತ್ರದಲ್ಲಿ ನಿಲ್ಲಿಸಿ ಮಾಡಿದ ‘ಪೆದ್ರೊ’ 2021ರಲ್ಲಿ ಬುಸಾನ್‌ಗೆ ಹೋಯಿತು. ಅವರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ಉತ್ಸವದ ಫೋರಂ ವಿಭಾಗ ಸೇರಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ತೆಗೆದ ‘ಶಿವಮ್ಮ’ 2022ರಲ್ಲಿ ಬುಸಾನಿನ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಈ ಮೂರಕ್ಕೂ ಹಣ ಹಾಕಿದವರು ರಿಷಬ್ ಶೆಟ್ಟಿ. ವೈದ್ಯಕೀಯ ಓದಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ ಚಿದಾನಂದ ನಾಯಕ್ ಅವರ ಹದಿನಾರು ನಿಮಿಷದ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂದಿತು. ಚಿತ್ರೀಕರಣ ನಡೆದದ್ದು ನಾಲ್ಕೇ ದಿನ.

ಉತ್ಸವದಿಂದ ಚಿತ್ರಮಂದಿರಕ್ಕೆ ಬರುವ ದಾರಿ ಮಾತ್ರ ಈಗಲೂ ಕಲ್ಲುಮುಳ್ಳಿನದೇ. ‘ಶಿವಮ್ಮ’ ನಮ್ಮ ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಓಟಿಟಿಗಳು ಕನ್ನಡಕ್ಕೆ ಕೈಬಿಚ್ಚುವುದಿಲ್ಲ ಎಂಬ ದೂರು ಬರಿಯ ಗೊಣಗಾಟವಲ್ಲ. ರಕ್ಷಿತ್ ಶೆಟ್ಟಿಯವರಂಥ ತಾರೆಯ ಸಂಸ್ಥೆಯೇ ‘ಏಕಂ’ ಸರಣಿಗೆ ಕೊಳ್ಳುವವರು ಸಿಗದೆ, 2024ರ ಜುಲೈಯಲ್ಲಿ ಅದಕ್ಕೆಂದೇ ಜಾಲತಾಣ ತೆರೆದು ಬಿಡುಗಡೆ ಮಾಡಿತು. ಹೊಸಬರು ಓಟಿಟಿ ದುಡ್ಡನ್ನು ಬಜೆಟ್ಟಿನಲ್ಲಿ ಬರೆದುಕೊಳ್ಳದಿರುವುದೇ ಲೇಸು.

ನಡುವಿನ ತಿಂಗಳುಗಳು

ಒಂದು ಚಿತ್ರದಿಂದ ಇನ್ನೊಂದಕ್ಕೆ ಮೂರು ವರ್ಷವೋ ಐದು ವರ್ಷವೋ. ಮನೆ ಬಾಡಿಗೆ ಮಾತ್ರ ತಿಂಗಳು ತಿಂಗಳು. ಜಾಹೀರಾತು, ಕಂಪನಿಗಳ ಪರಿಚಯ ಚಿತ್ರ, ಸರ್ಕಾರೇತರ ಸಂಸ್ಥೆಗಳ ವರದಿ ಚಿತ್ರ, ಕಾಲೇಜಿನಲ್ಲಿ ಪಾಠ, ಬೇರೆಯವರ ಚಿತ್ರದ ಸಂಕಲನ, ಮದುವೆ ವಿಡಿಯೊ, ಹೊಟ್ಟೆ ತುಂಬಿಸುವುದು ಇವೇ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ರಿಂಟು ಮತ್ತು ಸುಶ್ಮಿತ್ 2009ರಲ್ಲಿ ಬ್ಲ್ಯಾಕ್ ಟಿಕೆಟ್ ಫಿಲ್ಮ್ಸ್ ಕಟ್ಟಿ, ಬೇರೆಯವರಿಗಾಗಿ ಚಿತ್ರ ಮಾಡಿಕೊಡುತ್ತಲೇ ತಮ್ಮ ದೊಡ್ಡ ಚಿತ್ರದವರೆಗೆ ಬಂದರು. ಎಚ್ಚರ ಒಂದೇ: ಇಂಥ ಕೆಲಸ ಒಪ್ಪುವಾಗ ಅರ್ಧ ಹಣ ಮುಂಗಡ ಕೇಳಿ, ತಿದ್ದುಪಡಿ ಎಷ್ಟು ಸಲ ಎಂದು ಬರೆಸಿಕೊಳ್ಳಿ. ‘ಇನ್ನೊಂದೇ ಒಂದು ಬದಲಾವಣೆ ಸಾರ್’ ಎಂಬ ಮಾತಿಗೆ ಕೊನೆ ಇರುವುದಿಲ್ಲ.

ಆಮೇಲೆ ಉಳಿಯುವುದು ಹಕ್ಕಿನ ಗಳಿಕೆ. ಜಮೀನಿಗೆ ಪಹಣಿ ಹೇಗೋ ಸಿನಿಮಾಕ್ಕೆ ಅದರ ಒಪ್ಪಂದಗಳು ಹಾಗೆ. ಕೈಯಲ್ಲಿ ಕಾಗದ ಇದ್ದವನಿಗೆ ಬೆಳೆ. ‘ಲೂಸಿಯಾ’ ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಆಯಿತು, ಪವನ್ ಅವರದೇ ‘ಯು ಟರ್ನ್’ ತೆಲುಗು, ತಮಿಳಿಗೆ ಹೋಯಿತು. ಆದ್ದರಿಂದ ಮಾರುವಾಗ ‘ಎಲ್ಲ ಹಕ್ಕುಗಳೂ’ ಎಂಬ ಎರಡು ಪದಕ್ಕೆ ಸಹಿ ಹಾಕುವ ಮುನ್ನ ಬಿಡಿಸಿ ಬರೆಸಿ. ಚಿತ್ರಮಂದಿರ, ಟಿವಿ, ಓಟಿಟಿ, ಡಬ್ಬಿಂಗ್, ರೀಮೇಕ್, ಶೈಕ್ಷಣಿಕ ಪ್ರದರ್ಶನ, ತುಣುಕುಗಳ ಮಾರಾಟ, ಒಂದೊಂದೂ ಬೇರೆ. ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಎಂಬುದನ್ನೂ ಸೇರಿಸಿ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎಂದೂ ತಿಳಿಯುತ್ತದೆ. ಕೊಂಡವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಬೇರೆ ಮಾತು ಬರೆದಿರದ ಹೊರತು, ಅದು ನಿಮಗೇ ಮರಳುತ್ತದೆ. ಕೊಳ್ಳುವವರ ವಕೀಲರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಕಳಿಸುವ ಕರಡಿನಲ್ಲಿ ‘ಶಾಶ್ವತವಾಗಿ, ಪ್ರಪಂಚದಾದ್ಯಂತ’ ಎಂದು ಮೊದಲೇ ಅಚ್ಚಾಗಿರುತ್ತದೆ.

ಕಥೆ ಬೇರೆಯವರದಾದರೆ ಲೇಖಕರಿಂದಲೂ ಹೀಗೆಯೇ ಬರೆಸಿಕೊಳ್ಳಬೇಕು. ಲೇಖಕರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ಒಬ್ಬ ಮಗ ಒಪ್ಪಿದರೆ ಸಾಲದು. ಸಂಗೀತದ ವಿಷಯದಲ್ಲಿ 2012ರ ತಿದ್ದುಪಡಿಯ ನಂತರ ಗೀತೆ ಬರೆದವರ, ರಾಗ ಹಾಕಿದವರ ರಾಯಧನದ ಪಾಲನ್ನು ನಿರ್ಮಾಪಕ ಪೂರ್ತಿ ಬರೆಸಿಕೊಳ್ಳಲು ಬರುವುದಿಲ್ಲ.

ಚಿತ್ರ ಎಷ್ಟು ವರ್ಷ ಬಾಳುತ್ತದೆಂದು ಮಾಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಯುಗಾಂತರ್ ಚಿತ್ರಗಳನ್ನು ಸುಮಾರು ನಾಲ್ಕು ದಶಕಗಳ ನಂತರ ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಅದು ಸಾಧ್ಯವಾದದ್ದು ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಿತ್ರಸಂಗ್ರಹಾಲಯದಲ್ಲಿ ಉಳಿದಿದ್ದರಿಂದ. ಇವತ್ತಿನ ಸಿನಿಮಾಕ್ಕೆ ನೆಗೆಟಿವ್ ಇಲ್ಲ, ಹಾರ್ಡ್‌ಡಿಸ್ಕ್ ಇದೆ. ಕಪಾಟಿನಲ್ಲಿ ಸುಮ್ಮನೆ ಬಿದ್ದ ಹಾರ್ಡ್‌ಡಿಸ್ಕ್ ಕೆಲವೇ ವರ್ಷಗಳಲ್ಲಿ ಕೈಕೊಡಬಹುದು. ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಆರು ತಿಂಗಳಿಗೊಮ್ಮೆ ಓಡಿಸಿ ನೋಡಿ. ಚಿತ್ರಮಂದಿರಕ್ಕೆ ಕಳಿಸುವ ಡಿಜಿಟಲ್ ಪ್ರತಿ (ಡಿಸಿಪಿ) ಒಂದನ್ನೇ ಇಟ್ಟುಕೊಂಡರೆ ಸಾಲದು. ಬರಹವಿಲ್ಲದ ದೃಶ್ಯ, ಮಾತು, ಸಂಗೀತ, ಇತರ ಸದ್ದು ಮೂರೂ ಬೇರೆ ಬೇರೆಯಾದ ಧ್ವನಿ, ಕನ್ನಡ ಮತ್ತು ಇಂಗ್ಲಿಷ್ ಅಡಿಬರಹದ ಕಡತ ಇವೆಲ್ಲ ಬೇಕು, ಇಲ್ಲವಾದರೆ ನಾಳೆ ಡಬ್ಬಿಂಗಿಗೆ ಕೇಳಿದವರಿಗೆ ಕೊಡಲು ಏನೂ ಇರುವುದಿಲ್ಲ. ಲೇಖಕರ, ಕಲಾವಿದರ, ಸಂಗೀತಗಾರರ ಒಪ್ಪಂದ, ಮಾತಾಡಿದವರ ಒಪ್ಪಿಗೆ ಪತ್ರ, ಸೆನ್ಸಾರ್ ಪ್ರಮಾಣಪತ್ರ, ಇವುಗಳ ಸ್ಕ್ಯಾನ್ ಕೂಡ ಅದೇ ಡಿಸ್ಕಿನಲ್ಲಿರಲಿ. ರಾಷ್ಟ್ರಪ್ರಶಸ್ತಿಗೆ ಅರ್ಜಿ ಹಾಕುವುದಾದರೆ ಸೆನ್ಸಾರ್ ಪತ್ರದ ಮೇಲಿನ ದಿನಾಂಕ ಆ ಕ್ಯಾಲೆಂಡರ್ ವರ್ಷದ್ದೇ ಆಗಿರಬೇಕು. ಡಿಸೆಂಬರ್ ಕೊನೆಯ ವಾರ ಕೋರಮಂಗಲದ ಸೆನ್ಸಾರ್ ಕಚೇರಿಯ ಮುಂದೆ ನೂಕುನುಗ್ಗಲು ಆಗುವುದು ಅದಕ್ಕೇ. ನವೆಂಬರಿನಲ್ಲೇ ಅರ್ಜಿ ಹಾಕಿ.